ಒಂದು ಮೊಗ್ಗಿನಷ್ಟು ಇರುಳು

ಗಣಿಯ ಕ್ಯಾಂಟೀನು ಮುಚ್ಚಿದ ದಿನ
ಐಲಿ ಇದನ್ನು ಹಾಲಿನ ಪೊಟ್ಟಣದಲ್ಲಿ ಕೊಟ್ಟಳು.
ಒಂದೇ ಒಂದು ಎಲೆ,
ಬೂಟಿನ ಅಟ್ಟೆಯಷ್ಟು ಉದ್ದ, ಅದರಷ್ಟೇ ಚೆಲುವು.
"ನೀರು ಕಮ್ಮಿ ಹಾಕು. ಚಳಿಗಾಲದಲ್ಲಿ ಮರೆತೇಬಿಡು.
ಕುಂಡ ಇಕ್ಕಟ್ಟಾಗಿಯೇ ಇರಲಿ,
ಆರಾಮ ಸಿಕ್ಕಿದರೆ ಬರೀ ಮೈ ಬೆಳೆಸುತ್ತೆ, ನಿನ್ನ ಹಾಗೆ."
ಹೆಸರು ಕೇಳಿದೆ. ಇರುಳರಸಿ ಅಂದಳು.
ಕಿರುನಾದಲ್ಲಿ ನಿಂತು ಆ ಮಾತು ಹೇಳಿ
ಅವಳೇ ನಕ್ಕಳು.

ಇಲ್ಲಿ ಮೇ ಕೊನೆಗೆ ಏರಿದ ಸೂರ್ಯ
ಜುಲೈ ನಡುವಿನವರೆಗೆ ಮುಳುಗುವುದಿಲ್ಲ.
ನಡುರಾತ್ರಿ ಮಕ್ಕಳು ಸೈಕಲ್ ತುಳಿಯುತ್ತಾರೆ,
ಪಕ್ಕದ ಮನೆಯ ಹಿಲ್ಡಿಂಗ್ ಬೇಲಿಗೆ ಬಣ್ಣ ಬಳಿಯುತ್ತಾನೆ.
ಸಂಜೆಯೇ ಬಾರದ ಊರಿನಲ್ಲಿ
ಯಾವ ಗಳಿಗೆಗೆ ಬಿರಿಯಬೇಕು ಈ ಹೂ?

ಏಳು ವರ್ಷ ಬರೀ ಎಲೆ.
ಎಲೆಯಂಚಿನಿಂದ ಎಲೆ, ಅದರ ಕಚ್ಚಿನಿಂದ ಇನ್ನೊಂದು,
ಊರುಗೋಲು ಕೇಳುವ ಮುದುಕರಂತೆ ಬಾಗಿ.
ಕಂದು ಹುರುಪೆಯಂಥ ಹುಳ ಕೂತರೆ
ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದೆ,
ಮಗುವಿನ ಕಿವಿಯ ಹಿಂದೆ ಒರೆಸುವ ಹಾಗೆ.
ಎಂಟನೆಯ ಜೂನಿಗೆ ಒಂದು ಮೊಗ್ಗು.
ಮೂರು ದಿನ ಅರೆಬಾಯಿ ತೆರೆದು
ಈಗಲೋ, ಈಗಲೋ ಎಂದು ಅನುಮಾನಿಸಿ
ನಾಲ್ಕನೆಯ ದಿನ ಬಿತ್ತು.
ಬಿದ್ದ ಸದ್ದು ಅಡುಗೆಮನೆಗೂ ಕೇಳಿಸಿತು.

ತಪ್ಪು ಅದರದಲ್ಲ.
ಮೂವತ್ತೊಂದು ವರ್ಷ ನೆಲದಡಿ
ಅದಿರಿನ ರೈಲು ನಡೆಸಿದವನು ನಾನು.
ಕತ್ತಲಲ್ಲೂ ಬಗೆಗಳಿವೆ:
ದೀಪ ಆರಿದಾಗಿನದು ಒಂದು,
ದೀಪವೇ ಇರದಲ್ಲಿನದು ಇನ್ನೊಂದು.
ಎರಡನೆಯದರಲ್ಲಿ ಕಣ್ಣಿಗೆ ಕೆಲಸವಿಲ್ಲ,
ಮೂಗು ಮಾತ್ರ ಎಚ್ಚರ.
ಅಂಥದ್ದೊಂದು ತುಂಡು ಬೇಕು ಇದಕ್ಕೆ,
ಒಂದು ಮೊಗ್ಗಿನಷ್ಟು.

ಈ ವರ್ಷ ಎರಡು ಬಂದವು, ಜೊತೆಗೊಂದು ಪತ್ರ:
ಗಣಿ ನಿಮ್ಮ ಬೀದಿಯ ಕೆಳಗೆ ಬಂದಿದೆ,
ಜೂನ್ ಹದಿನೆಂಟಕ್ಕೆ ಮನೆ ಖಾಲಿ ಮಾಡಿ.
ಆ ಟೊಳ್ಳಿನಲ್ಲಿ ನನ್ನ ಪಾಲೂ ಇದೆ, ದೂರಲಾರೆ.
ಆದರೆ ಮೊಗ್ಗಿರುವಾಗ ಕುಂಡ ತಿರುಗಿಸಬಾರದು,
ಬೆರಳಷ್ಟು ಸರಿದರೂ ಮುನಿದು ಉದುರಿಸಿಬಿಡುತ್ತದೆ.
ಕಚೇರಿಗೆ ಹೋಗಿ ಹೇಳಿದೆ: ಒಂದು ವಾರ ಕೊಡಿ.
ಕಾರಣ ಎಂಬ ಕಡೆ
ತೂವಾ ಎಂಬ ಹುಡುಗಿ ಬರೆದಳು: ಹೂ.
ಅಳಿಸಿ, ಮತ್ತೆ ಅದನ್ನೇ ಬರೆದಳು.

ಕುಂಡದ ಸುತ್ತ ಇರುಳು ಹೊಲಿದೆ.
ಮಲಗುವ ಕೋಣೆಯ ಕಪ್ಪು ಪರದೆ, ದೋಣಿಯ ಟಾರ್ಪಾಲು,
ತೂತಿದ್ದಲ್ಲಿ ಹಳೆಯ ಕಾಲುಚೀಲ.
ಸಂಜೆ ಏಳಕ್ಕೆ ಇಳಿಸುವುದು, ಬೆಳಗ್ಗೆ ಏಳಕ್ಕೆ ಎತ್ತುವುದು.
ಹನ್ನೆರಡು ದಿನ ಸೂರ್ಯನ ಕೆಲಸ ನನ್ನದಾಯಿತು,
ಸಂಬಳವಿಲ್ಲದ ಪಾಳಿ.
ಜೋತಿದ್ದ ಮೊಗ್ಗುಗಳು ಕತ್ತೆತ್ತಿದವು,
ತಂಬಾಕಿನ ಚಿಲುಮೆಯ ಹಾಗೆ.

ಹದಿಮೂರನೆಯ ಸಂಜೆ ಪರದೆ ಉಸಿರಾಡಿತು.
ತೂವಾಳನ್ನು ಕರೆದೆ. ಹಿಲ್ಡಿಂಗ್ ಬಣ್ಣದ ಕೈಯಲ್ಲೇ ಬಂದ.
ಮೂವರೂ ತಲೆ ತೂರಿಸಿ ಕೂತೆವು,
ಬೆನ್ನ ಮೇಲೆ ಬಿಸಿಲು, ಮುಖದ ಮೇಲೆ ಇರುಳು.
ಯಾರೂ ಟಾರ್ಚ್ ಹಚ್ಚಲಿಲ್ಲ.
ಬಿಳಿಯೋ ಅಲ್ಲವೋ, ಪ್ರಮಾಣ ಮಾಡಲಾರೆ.
ಪರಿಮಳ ಹೇಗಿತ್ತೆಂದರೆ,
ಯಾರೋ ಅಪರಿಚಿತರು ಹಬ್ಬದ ಬಟ್ಟೆಯುಟ್ಟು
ನಮ್ಮ ನಡುವೆ ಬಂದು ಕೂತ ಹಾಗೆ.
ಹಿಲ್ಡಿಂಗ್ ಎರಡು ಸಲ ಸೀನಿದ.

ಒಂದೂವರೆಗೆ, ಎಂದಿನಂತೆ,
ಕೆಳಗೆ ಬಂಡೆ ಸಿಡಿಸಿದರು.
ನೆಲ ನಡುಗಿತು, ಕಪಾಟಿನ ಬಸಿಗಳು ನಡುಗಿದವು,
ಕಾಣದ ಕೇಸರಗಳಿಂದ ಒಂದಿಷ್ಟು ಧೂಳು
ನನ್ನ ತುಟಿಗೆ ಬಿತ್ತು.
ನಾಲಿಗೆಯಿಂದ ಮುಟ್ಟಿದೆ. ಅದಿರಿನದಲ್ಲ.

"ಈಗ ರಾತ್ರಿಯಾ?" ತೂವಾ ಪಿಸುಗುಟ್ಟಿದಳು.
ಇಲ್ಲಿ ಹೌದು, ಅಂದೆ.

ಏಳಕ್ಕೆ ಪರದೆ ಎತ್ತಿದಾಗ ಎರಡೂ
ಒದ್ದೆ ಕೈಗವಸಿನಂತೆ ಜೋತಿದ್ದವು.
ತೂವಾ ಒಂದು ಎಲೆ ಕೇಳಿದಳು; ಹಾಲಿನ ಪೊಟ್ಟಣ ತೊಳೆದೆ.
ಕುಯ್ದ ಬಾಯಿ ಒಣಗಲಿ, ವಾರ ಬಿಟ್ಟು ನೆಡು,
ನೀರು ಕಮ್ಮಿ, ಎಂದೆ,
ಐಲಿಯ ದನಿಯೇ ನನ್ನ ಬಾಯಲ್ಲಿ.
ಹೊಸ ಮನೆ ಮೂರನೆಯ ಮಹಡಿಯಲ್ಲಂತೆ.
ಕಿಟಕಿ ಎತ್ತ ಮುಖವೋ, ಯಾರೂ ಹೇಳಿಲ್ಲ.