ಹದಿನಾರನೇ ನಿಯಮ

ಬೆಟಗೇರಿ ಬಯಲಾಗ ಟಾಸ್ ಗೆದ್ದಂವ
ಚೆಂಡು ಕೇಳಂಗಿಲ್ಲ, ಗಾಳಿ ಕೇಳತಾನ.
ಆಷಾಢದಾಗ ಕಪ್ಪತಗುಡ್ಡದ ಕಡೆಯಿಂದ ಬರೋ ಗಾಳಿ
ಅರ್ಧ ಆಟ ಇವರ ಕಡೆ,
ಅರ್ಧ ಆಟ ಅವರ ಕಡೆ.
ನಮ್ಮ ಕಡೆ ಇದ್ದಾಗ ನಾವು
ಎಲ್ಲಾ ಚೆಂಡೂ ಹೆಸರಿನ ಹೊಲಕ್ಕ ಹೊಡೀತಿದ್ವಿ.

ವಿಜಯ ಫುಟ್‌ಬಾಲ್ ಸಂಘ.
ಹೆಸರಿಟ್ಟವರು ಆಡಲಿಲ್ಲ.
ಆಡಿದವರು:
ಮಗ್ಗದ ಕುಣಿಯಿಂದ ಎದ್ದು ಬರೋ ವೆಂಕೂಸಾ ಬಾಕಳೆ,
ದಿನವೆಲ್ಲ ಕಾಲುಮಣಿ ತುಳಿದರೂ
ಅವನ ಎಡಗಾಲು ದಣಿದದ್ದು ನಾ ಕಾಣೆ;
ಮಿಶನ್ ಕಂಪೌಂಡಿನ ಯೇಸುಮಿತ್ರ,
ಅವನೊಬ್ಬನಿಗೇ ಬೂಟು, ಅವೂ ಅಣ್ಣನವು,
ತುದಿಗೆ ಹತ್ತಿ ತುರುಕಿದವು;
ಆ ಹತ್ತಿ ತಂದುಕೊಟ್ಟ ದಾವಲಸಾಬ,
ಮಾರ್ಕೆಟ್ಟಿನಾಗ ಅಂಡಿಗಿ ಹೊರಂವ,
ಎದುರಿಗೆ ಬಂದವರು ತಾವಾಗೇ ಹಾದಿ ಬಿಡತಿದ್ರು.
ಗೋಲಿನಾಗ ನಾನು.
ಪ್ರೆಸ್ಸಿನಾಗ ಮೊಳಿ ಜೋಡಸಂವ.
ಚೆಂಡಿನ ಮ್ಯಾಲೆ ಮಸಿ ಬೆರಳಿನ ಗುರ್ತು ಇದ್ರ
ಹಿಡದೀನಿ ಅಂತ ತಿಳೀಬೇಕು.

ಆ ವರ್ಷ ಏಳು ಮ್ಯಾಚು.
ಧಾರವಾಡದ ಕಾಲೇಜು ಹುಡುಗರು ಐದು ಹೊಡದ್ರು,
ಹೊಡದಾಗೊಮ್ಮೆ ‘ಸಾರಿ’ ಅಂದ್ರು.
ಹಾವೇರಿ ಬಸ್ಸು ಲಕ್ಷ್ಮೇಶ್ವರದಾಗ ಕೆಟ್ಟು
ನಾವು ಮುಟ್ಟೂದ್ರಾಗ
ಅವರು ನೆಟ್ಟು ಬಿಚ್ಚಿ ಮಡಿಚಿಟ್ಟಿದ್ರು.
ವೆಂಕೂಸಾನ ಅವ್ವ ಸೀರಿ ಬಣ್ಣದಾಗ ಅದ್ದಿದ ಜರ್ಸಿ
ಬೆವತ್ರ ಬಿಡತಿತ್ತು.
ಎದಿ ಎಲ್ಲಾ ನೇರಳೆ. ಮನ್ಯಾಗ ಬೈಗಳ.
ಸೈಕಲ್ ಅಂಗಡಿ ಬಾಕಿ ಹದಿನಾಲ್ಕು ರೂಪಾಯಿ, ಪಂಚರಿನದು.
ಆರು ಸೋತು
ಏಳನೇದಕ್ಕ ಹುಬ್ಬಳ್ಳಿ ರೈಲ್ವೆ ಕಾಲನಿಯವರು ಬಂದ್ರು.

ಹೆಂಗೋ ಏನೋ, ಯಾರೂ ಗೋಲು ಹೊಡೀಲಿಲ್ಲ.
ಇನ್ನ ಮೂರು ನಿಮಿಷ. ಗಾಳಿ ನನ್ನ ಮಾರಿಗೇ.
ಗೋಲ್ ಕಿಕ್ ನಂದು.
ಜೀವಾ ತಗದು ಒದ್ದೆ.
ಚೆಂಡು ಚೌಕ ದಾಟ್ತು, ಬೇವಿನ ಮರಕ್ಕಿಂತ ಮ್ಯಾಲೇರಿ
ನಿಂತ್ತು.
ಏನೋ ಮರತವರಂಗ ನಿಂತು,
ತಿರುಗಿ ನನ್ನ ಕಡೇನ ಬಂತು.

‘ಹಿಡೀಯೋ! ಹಿಡೀಯೋ!’
ನಾನು ಎರಡೂ ಕೈ ಬೆನ್ನ ಹಿಂದ ಕಟ್ಟಿದೆ.
ಒಂದ ಪುಟ ನೆಗೆದು, ಚೆಂಡು ಒಳಗ.

ರೈಲ್ವೆಯವರು ಒಬ್ಬರ ಮ್ಯಾಲೊಬ್ಬರು ಬಿದ್ದು ಕುಣಿದ್ರು.
ದಾವಲಸಾಬ ನನ್ನ ನೋಡಿದ,
ನೆನೆದ ಅಂಡಿಗಿ ನೋಡಿದಂಗ.
‘ಕಾರ್ನರ್ ರೀ ಸರ,’ ಅಂದೆ.
‘ಹುಚ್ಚ ಹಿಡದೈತೇನು?’
‘ಹದಿನಾರನೇ ನಿಯಮ. ಕಿಸೇದಾಗ ಐತಿ ನೋಡ್ರಿ.’

ಡ್ರಿಲ್ ಮಾಸ್ತರ ಹೊಂಬಳದವರು
ಕಿಸೇದಾಗಿನ ಪುಸ್ತಕ ತಗದ್ರು.
ನಮ್ಮ ಪ್ರೆಸ್ಸಿಂದೇ. ಮೂರು ರಾತ್ರಿ
ತಿರುವುಮುರುವು ಅಕ್ಷರದಾಗ ನಾನೇ ಜೋಡಿಸಿದ್ದು.
ಲ-ಮೊಳಿ ಮುಗದಿದ್ವು, ಳ ಹಾಕಿದ್ದೆ.
ಮಾಸ್ತರ ಕನ್ನಡಕ ಏರಿಸಿ ಎಲ್ಲಾರಿಗೂ ಕೇಳೂ ಹಂಗ ಓದಿದ್ರು:
‘ಒದ್ದವನ ಗೋಳಿಗೇ ಚೆಂಡು ನೇರ ಬಂದರೆ
ಅದು ಗೋಳಲ್ಲ, ಕಾರ್ನರ್.’

ಯೇಸುಮಿತ್ರ ನಗಲಿಕ್ಕೆ ಹತ್ತಿದಂವ ನೆಲಕ್ಕ ಕುಂತ.

ಜಗಳ ಮುಗಿಯೂದ್ರಾಗ ಹೊತ್ತು ಮುಳುಗಿತ್ತು.
ಕಾರ್ನರ್ ಹೊಡ್ಯಾಂವ ಶ್ಯಾಣ್ಯಾ,
ಗಾಳಿ ಲೆಕ್ಕ ಹಾಕಿ ಕಂಬದಿಂದ ದೂರ ಗುರಿ ಹಿಡದ,
ಗಾಳೀನ ತಿರುಗಿಸಿ ತರತೈತಿ ಅಂತ.
ದೀಪ ಹಚ್ಚೋ ಹೊತ್ತಿಗೆ ನಮ್ಮೂರ ಗಾಳಿ
ಒಂದು ಚಣ ಉಸರು ಹಿಡೀತೈತಿ.
ಹುಬ್ಬಳ್ಳಿಯವರಿಗೆ ಇದು ಗೊತ್ತಿದ್ದಿಲ್ಲ.
ಚೆಂಡು ಕಳಿಸಿದಲ್ಲಿಗೇ ಹೋತು,
ಹೆಸರಿನ ಹೊಲಕ್ಕ.
ಸೀಟಿ.

ರಾತ್ರಿ ಪ್ರೆಸ್ಸಿಗೆ ಹೋಗಿ
ವಾರಪತ್ರಿಕೆ ಫರ್ಮಾದಾಗ ಎರಡು ಸಾಲು ಜಾಗ ಮಾಡಿದೆ.
ಆರು ಸೋಲಿಗೆ ಒಮ್ಮೆನೂ ಮಾಡಿದ್ದಿಲ್ಲ.
ಹೆಸರು ಜೋಡಿಸಿ ಸೊನ್ನಿ ಹುಡುಕಿದೆ.
ಮೊಳಿಯೊಳಗ ಸೊನ್ನಿ ಒಂದಕ್ಕ ಉಲ್ಟಾ ಇಲ್ಲ,
ಹೆಂಗ ಓದಿದ್ರೂ ಸೊನ್ನಿನ.
ಖಾನೆದಾಗ ಒಂದ ಇತ್ತು.
ಇನ್ನೊಂದು, ಯಾರದೋ ಲಗ್ನಪತ್ರಿಕೆ
ಹತ್ತನೇ ತಾರೀಖಿನಿಂದ ಕಿತ್ತೆ.
ಬೆಳಿಗ್ಗೆ ಹೊಳ್ಳಿ ಇಟ್ಟೀನಿ,
ಇಟ್ಟೀನಿ ಅಂತ ಅನ್ಕೊಂಡೀನಿ.