ರೊಟ್ಟಿ ತೂಗುವವರ ನಕಲು

ರಾತ್ರಿ ಪಾಳಿ ಮುಗಿಸಿ, ಉಗುರಿನ ಸಂದಿಯ ಹಿಟ್ಟು
ಪೂರ್ತಿ ಬಿಡುವ ಮೊದಲೇ ಬಂದು ಕೂರುತ್ತೇನೆ,
ಫ್ರೀಸ್‌ಲ್ಯಾಂಡಿನ ಈ ಪುಟ್ಟ ಊರಿನ ತೂಕದ ಮನೆಯಲ್ಲಿ,
ಮಹಡಿ ಮೇಲೆ, ಕಿಟಕಿಯ ಎಡಕ್ಕೆ.
ಎದುರಿಗೆ ಐದು ಜನ ಯಜಮಾನರು, ಕಪ್ಪು ಬಟ್ಟೆ,
ಕತ್ತಿನ ಸುತ್ತ ಗಂಜಿ ಹಾಕಿದ ಬಿಳಿ ಚಕ್ರ.
ಊರಿನ ರೊಟ್ಟಿಯ ತೂಕ ನೋಡುತ್ತಿದ್ದವರು,
ಕಡಿಮೆ ತೂಗಿದವನ ಅಂಗಡಿ ಮುಚ್ಚಿಸುತ್ತಿದ್ದವರು.
ನಾನು ಬೇಕರಿಯ ಒಲೆ ಕಾಯುವವನು.
ಮುನ್ನೂರ ಎಂಬತ್ತು ವರ್ಷ ತಡವಾಗಿ
ತಪಾಸಣೆಗೆ ಬಂದಿದ್ದೇನೆ ಅನ್ನಿ.

"ಮೂಲದ ಅಳತೆಯಲ್ಲೇ ಬರೆಯಕೂಡದು, ಇಲ್ಲಿಯ ನಿಯಮ,"
ಅಂದಳು ವೀಟ್ಸ್ಕೆ. ಎಪ್ಪತ್ತೊಂದು ವರ್ಷ, ಗಂಡಸರ ಕೋಟು,
ಜೇಬಿನ ತುಂಬ ಚಿಂದಿ.
"ಒಂದು ಗೇಣು ಚಿಕ್ಕದಾಗಿ ಬರಿ. ಕಳ್ಳನಲ್ಲ ಅಂತ ಗೊತ್ತಾಗಲಿ."

ಮೊದಲ ತಿಂಗಳು ಮುಖವೇ ಇಲ್ಲ.
ಕಂದು ಮಣ್ಣಿನ ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ
ತಿಳಿಸಾರಿನ ಹಾಗೆ ಬಳಿ, ಚಿಂದಿಯಲ್ಲಿ ಒರೆಸಿ ಬೆಳಕು ತೆಗೆ.
ಇಷ್ಟು ಕೈಗೆ ಹತ್ತಲು ಏಳು ಶನಿವಾರ ಬೇಕಾಯಿತು.
ಆಮೇಲೆ ತೆಳುವಿನ ಮೇಲೆ ಜಿಡ್ಡು,
ಜಿಡ್ಡಿನ ಮೇಲೆ ಇನ್ನಷ್ಟು ಜಿಡ್ಡು. ಹಿಂದುಮುಂದಾದರೆ
ಮೇಲಿನದು ಮೊದಲು ಒಣಗಿ ಬಿರಿಯುತ್ತದೆ.
ಅದು ನನಗೆ ಹೇಳಬೇಕೆ? ಅವಸರದ ಒಲೆಯಲ್ಲಿ
ಹೊರಗೆ ಸಿಪ್ಪೆ ಕಟ್ಟಿ ಒಳಗೆ ಹಸಿ ಉಳಿದದ್ದು
ಎಷ್ಟು ಕಂಡಿಲ್ಲ.

ಕಪ್ಪು ಅಂದರೆ ಕಪ್ಪಲ್ಲ. ಒಬ್ಬನದು ನೀಲಿಗೆ ತಿರುಗಿದ ಕಪ್ಪು,
ಒಬ್ಬನದು ಕೆಂಪಿಗೆ, ನಡುವಿನವನದು ಬಹಳ ಸಲ ಒಗೆದದ್ದು.
ಹಾಗಾದರೆ ಅವನು ಅಷ್ಟೇನೂ ಸ್ಥಿತಿವಂತನಲ್ಲ.
ಎರಡನೆಯವನ ಮೂಗು ಮೂರು ಸಲ ಕೆರೆದು ತೆಗೆದೆ.
ನಾಲ್ಕನೆಯವನು ಏನು ಮಾಡಿದರೂ
ನನ್ನ ಭಾವಮೈದ ಸ್ಯೂರ್ಡ್‌ನಂತೆಯೇ ಆಗುತ್ತಾನೆ,
ಸಾಲ ಕೇಳುವ ಮೊದಲು ಹವಾಮಾನದ ಮಾತು ತೆಗೆಯುವ ಆ ತುಟಿ.
"ಇರಲಿ ಬಿಡು," ಅಂದಳು, "ಮೂಲದವನೂ ಯಾರದೋ ಭಾವಮೈದನೇ."

ಪ್ರತಿ ತಲೆಯ ಮೇಲೆ ಒಂದು ಸಣ್ಣ ಅಂಕಿ.
ಕೆಳಗಿನ ಪಟ್ಟಿಯಲ್ಲಿ ಆ ಅಂಕಿಯ ಹೆಸರು.
ತಲೆಗಿಷ್ಟು ಎಂದು ಹಣ ಕೊಟ್ಟವರು;
ಮುಂದೆ ಕೂತವನು ಹೆಚ್ಚು, ಹಿಂದೆ ನಿಂತವನು ಕಡಿಮೆ.
ಒಂದು, ಎರಡು, ಮೂರು, ನಾಲ್ಕು, ಐದು.
ಅವರ ಬೆನ್ನಿಗೆ, ಬಾಗಿಲ ಕತ್ತಲಲ್ಲಿ, ತಕ್ಕಡಿ ಎತ್ತಿ ಹಿಡಿದ ಆಳು.
ಅವನ ತಲೆಯ ಮೇಲೆ ಏನೂ ಇಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಅವನನ್ನು ಕೊನೆಗೆ ಉಳಿಸಿದ್ದೆ, ಸುಲಭ ಅಂತ.
ಮುಖ ಅಂದರೆ ನಾಲ್ಕು ಗೀಟು, ಕೆನ್ನೆಗೊಂದು ಮಬ್ಬು;
ಬರೆದವನು ಅರ್ಧ ಗಂಟೆಯಲ್ಲಿ ಮುಗಿಸಿ ಊಟಕ್ಕೆ ಎದ್ದಿರಬೇಕು.
ನಾನು ಅಲ್ಲೇ ಹನ್ನೊಂದು ವಾರ ಸಿಕ್ಕಿಬಿದ್ದೆ.
ಯಜಮಾನರದು ಕಾಸಿಗೆ ತಕ್ಕ ಕೆಲಸ, ಸುಕ್ಕು ಸುಕ್ಕಿಗೂ ಬಾಬ್ತು,
ಎಣಿಸಿಕೊಂಡು ಹೋದರೆ ಬರುತ್ತದೆ.
ಇವನಿಗೆ ವೇಗವಾಗಿ ಎಳೆದರೆ ಬರೀ ಒರಟು,
ನಿಧಾನಿಸಿದರೆ ಸತ್ತ ಮೀನು.

ಒಂದು ದಿನ ವೀಟ್ಸ್ಕೆ ಏಣಿ ತರಿಸಿ, ಟಾರ್ಚು ಓರೆಗೆ ಹಿಡಿದಳು.
ತಕ್ಕಡಿಯ ಕೈಯ ಕೆಳಗೆ, ಕಂದಿನ ಅಡಿಯಿಂದ,
ಇನ್ನೊಂದು ಕೈ ಮೇಲೇಳುತ್ತಿತ್ತು, ಕಾಲುವೆಯಲ್ಲಿ ಮುಳುಗಿದ್ದು ತೇಲುವ ಹಾಗೆ.
ಮೊದಲು ಅಲ್ಲಿತ್ತು. ಆಮೇಲೆ ಒಂದು ಬೆರಳಷ್ಟು ಎತ್ತಿದ್ದಾರೆ.
"ಯಾಕೆ?"
"ತಟ್ಟೆ ಸಮ ಇರಲಿಲ್ಲವೇನೋ. ಕಾಸು ಕೊಟ್ಟವರಿಗೆ ಸಮ ಬೇಕಿತ್ತೇನೋ.
ಇಲ್ಲಾ, ನಿಂತೂ ನಿಂತೂ ಹುಡುಗನ ಕೈ ಸೋತಿರಬಹುದು."
ಅವಳಿಗೂ ಗೊತ್ತಿಲ್ಲ.

ಆ ರಾತ್ರಿ ಹಿಟ್ಟಿನ ಉಂಡೆ ತೂಗುವಾಗ,
ಎಂಟುನೂರ ಐವತ್ತು, ಎಂಟುನೂರ ಐವತ್ತು, ಎಂಟುನೂರ ಅರವತ್ತು,
ಚಿವುಟು, ಎಂಟುನೂರ ಐವತ್ತು,
ನನ್ನ ಎಡಗೈ ಮೊಣಕೈಯಿಂದ ಕೆಳಗೆ ನಡುಗುವುದು ಕಂಡೆ.
ಇಪ್ಪತ್ತಾರು ವರ್ಷದ ಅದೇ ಕೈ.

ಅವನ ಕೈಯನ್ನು ಎರಡು ಸಲ ಬರೆದೆ:
ಸೋತದ್ದು ಮೊದಲು; ಹತ್ತು ದಿನ ಒಣಗಲು ಬಿಟ್ಟು
ಅದರ ಮೇಲೆ ಎತ್ತಿದ್ದು.
ಸದ್ಯಕ್ಕೆ ಯಾರಿಗೂ ಕಾಣುವುದಿಲ್ಲ.

ಈಗ ಅಂಕಿ ಮಾತ್ರ ಬಾಕಿ.
ಒಂದು, ಎರಡು, ಮೂರು, ಸ್ಯೂರ್ಡ್, ಐದು.
ಆರು ಬರೆಯಲೇ ಅಂತ ಕೇಳಿದೆ.
"ಮೂಲದಲ್ಲಿ ಇಲ್ಲ," ಅಂದಳು ಕುಂಚ ತೊಳೆಯುತ್ತ.
ಸ್ವಲ್ಪ ಹೊತ್ತು ಬಿಟ್ಟು, "ಅಳತೆಯೂ ಮೂಲದ್ದಲ್ಲ."
ಕೆಳಗೆ ಕಾವಲಿನವನು ಮುಚ್ಚುವ ಗಂಟೆ ಬಾರಿಸುತ್ತಿದ್ದಾನೆ.
ಸಣ್ಣ ಕುಂಚಕ್ಕೆ ಹಳದಿ ಹತ್ತಿಸಿಕೊಂಡಿದ್ದೇನೆ,
ಬಲಗೈಗೆ ಎಡಗೈಯ ಆಸರೆ ಕೊಟ್ಟು.