ಅಸ್ತರು

ಕೌಲ್ ಬಜಾರಿನ ಹಿಂದಿನ ಓಣಿಯಲ್ಲಿ
ಜೀನ್ಸು ತೊಳೆದ ನೀರು ನೀಲಿಯಾಗಿ ಹರಿಯುತ್ತದೆ.
ಅದನ್ನು ದಾಟಿ ಮೂರು ಮೆಟ್ಟಿಲು ಹತ್ತಿದರೆ ನಮ್ಮ ಯೂನಿಟ್ಟು:
ಹದಿನಾಲ್ಕು ಮಿಷಿನ್ನು, ಎರಡು ಫ್ಯಾನು,
ಹದಿನಾಲ್ಕು ಬಾಗಿದ ಬೆನ್ನು.

ಮೂವತ್ತೊಂದು ವರ್ಷ ಕೂತಿದ್ದೇನೆ.
ಪ್ಯಾಂಟು ಹೊಲಿಯುವವನ ಪ್ಯಾಂಟು
ಕೂತ ಕಡೆಯೇ ಮೊದಲು ಸವೆಯುತ್ತದೆ.

ಪಕ್ಕದ ಮಿಷಿನ್ನಿನಲ್ಲಿ ಹುಸೇನಪ್ಪ ಇದ್ದ.
ಜೇಬು ಕೂಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.
ಸಂಜೆಗೆ ಮಿರ್ಚಿ, ಮಂಡಕ್ಕಿ; ಕತ್ತಲಾದರೆ ಕ್ವಾರ್ಟರು;
ನಡುನಡುವೆ ಬೀಡಿ.
ಕೆಳಗೆ ರಕ್ತ ಹೋಗುತ್ತಿತ್ತಂತೆ ಎಂಟು ತಿಂಗಳು.
ಮೂಲವ್ಯಾಧಿ ಅಂದುಕೊಂಡ, ಉಷ್ಣ ಅಂದುಕೊಂಡ,
ಬಳ್ಳಾರಿ ಬಿಸಿಲಿಗೆ ಬೈದ,
ಸಬ್ಜಾ ಬೀಜ ನೆನೆಸಿ ಕುಡಿದ.
ಹೆಂಡತಿಗೂ ಹೇಳಲಿಲ್ಲ.
ಸಾವಿರ ಸೊಂಟಕ್ಕೆ ಹೊಲಿದವನು
ತನ್ನ ಸೊಂಟದ ಕೆಳಗಿನ ಮಾತಿಗೆ ನಾಚಿದ.

ಅವನ ಸ್ಟೂಲಿನ ಮೆತ್ತೆಯಲ್ಲಿ
ಈಗಲೂ ಒಂದು ತಗ್ಗು ಐತೆ.

ಎರಡು ವರ್ಷದ ಮೇಲೆ ನನಗೂ ಒಂದು ಬೆಳಗ್ಗೆ ಕೆಂಪು ಕಂಡಿತು.
ಯರ್ರೆಮ್ಮ ರೊಟ್ಟಿ ಬಡಿಯುತ್ತಿದ್ದಳು.
ಗೋಡೆಗೆ ಮುಖ ಮಾಡಿ ಹೇಳಿದೆ.
ಬಡಿತ ನಿಂತಿತು. ಹಂಚಿನ ಮೇಲಿನದು ಸೀದಿತು.
"ನಡಿ" ಅಂದಳು.

ದವಾಖಾನೆಯಲ್ಲಿ ಹೊಟ್ಟೆ ಖಾಲಿ ಮಾಡಿಸಿ
ಹಾವಿನಂಥ ಕ್ಯಾಮೆರಾ ಬಿಟ್ಟರು.
ಟೀವಿಯಲ್ಲಿ ಕಂಡದ್ದು ನನ್ನದೇ ಒಳಮೈ,
ತೇವದ, ಗುಲಾಬಿ ಬಣ್ಣದ, ಮಡಿಕೆ ಮಡಿಕೆ ಬಟ್ಟೆ.
ಜೀನ್ಸಿಗೆ ಅಸ್ತರು ಹಾಕುವುದಿಲ್ಲ ನಾವು,
ಜೇಬಿಗಷ್ಟೇ ಒಂದು ತೆಳು ಬಿಳಿ ತುಂಡು.
ಇಂಥ ಅಸ್ತರು ಇಟ್ಟುಕೊಂಡು
ಮೇಲಿನ ಬಟ್ಟೆಯನ್ನೇ ಇಸ್ತ್ರಿ ಮಾಡುತ್ತಿದ್ದೆನಲ್ಲ!
ಒಂದು ಮಡಿಕೆಯಲ್ಲಿ, ಹಳೆ ಬಟ್ಟೆಯ ಮೇಲೆ ಏಳುವ ಜುಂಗಿನ ಹಾಗೆ,
ಒಂದು ಪುಟ್ಟ ಗಂಟು.
"ಈಗ ಬರೀ ಗಂಟು" ಅಂದರು ಡಾಕ್ಟರಮ್ಮ,
"ಹತ್ತು ವರ್ಷ ಬಿಟ್ಟಿದ್ದರೆ ಹೇಳಲಾಗದು."
ತಂತಿಯ ಕುಣಿಕೆ ಹಾಕಿ ಕತ್ತರಿಸಿದರು.
ದಾರ ತುಂಡಾದಷ್ಟೂ ಸದ್ದಾಗಲಿಲ್ಲ.

ಈಗ ನನ್ನ ಡಬ್ಬಿ ತೆರೆದರೆ ಹುಡುಗರು ನಗುತ್ತಾರೆ.
ಎರಡು ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ,
ಬೇರು ಸಮೇತ ತೊಳೆದಿಟ್ಟ ಹಸಿ ಮೆಂತ್ಯ.
"ಎಮ್ಮೆ ಮೇಯಕ್ಕೆ ಬಂತು" ಅನ್ನುತ್ತಾರೆ.
ಮೇಯುತ್ತೇನೆ.
ಭಾನುವಾರದ ಮಟನ್ನು ಎರಡು ತುಂಡಿಗೆ ಇಳಿದಿದೆ,
ಎಣಿಸುವವಳು ಯರ್ರೆಮ್ಮ.
ಶನಿವಾರಕ್ಕೊಂದು ಮಿರ್ಚಿ ಉಂಟು, ಸುಳ್ಳು ಯಾಕೆ.
ಕ್ವಾರ್ಟರಿನ ಅಂಗಡಿಗೆ ಬೇರೆ ಓಣಿಯಿಂದ ಸುತ್ತು ಹೊಡೆದು ಬರುತ್ತೇನೆ.
ಬೀಡಿಯನ್ನು ಎರಡು ಸಲ ನಾನು ಬಿಟ್ಟೆ,
ಮೂರನೇ ಸಲ ಅದೇ ನನ್ನನ್ನು ಬಿಟ್ಟಿತು.

ಬೆಳಗ್ಗೆ ಐದಕ್ಕೆ ಕೋಟೆ ಗುಡ್ಡದ ಬುಡದವರೆಗೆ ನಡಿಗೆ.
ಬಂಡೆ ನಿನ್ನೆಯ ಬಿಸಿಲನ್ನು ಇನ್ನೂ ಬಿಟ್ಟಿರುವುದಿಲ್ಲ.
ಅಂಗೈ ಇಟ್ಟು ನೋಡಿ, ತಿರುಗುತ್ತೇನೆ.

ಬಾಬಿನ್ ಖಾಲಿಯಾದಾಗಲೆಲ್ಲ ಏಳುವುದು ನನ್ನ ಲೆಕ್ಕ.
ಕೆಳಗಿನ ನೀರಿನ ಗಡಿಗೆಯವರೆಗೆ ಹೋಗಿ, ಒಂದು ಲೋಟ ಕುಡಿದು, ವಾಪಸ್ಸು.
ದಿನಕ್ಕೆ ನಾಲ್ಕು ಪೀಸು ಕಡಿಮೆ ಬೀಳುತ್ತದೆ,
ಪೀಸಿನ ಲೆಕ್ಕದ ಕೂಲಿ, ನಷ್ಟ ನನ್ನದೇ.
ಮಾಲೀಕ ಗಡಿಯಾರ ನೋಡುತ್ತಾನೆ.

"ಇದು ತಾಯಿತ ಅಲ್ಲ" ಅಂದಿದ್ದರು ಡಾಕ್ಟರಮ್ಮ,
"ಎಲ್ಲ ಮಾಡಿದರೂ ಬರುವವರಿಗೆ ಬರಬಹುದು."
ಗೊತ್ತು. ಎರಡೆಳೆ ಹೊಲಿಗೆಯೂ ಬಿಚ್ಚುತ್ತದೆ ಒಮ್ಮೊಮ್ಮೆ.
ಹಾಗಂತ ಒಂದೆಳೆಯಲ್ಲಿ ಹೊಲಿದು ಕೊಡುತ್ತೇವಾ?

ಹುಸೇನಪ್ಪನ ಸ್ಟೂಲಿನ ಮೇಲೆ ಈಗ ಅವನ ಮಗ ಗಾದಿಲಿಂಗ.
ಅಪ್ಪನ ತಗ್ಗಿನಲ್ಲೇ ಸರಿಯಾಗಿ ಕೂರುತ್ತಾನೆ.
ಅಪ್ಪನಿಗೆ ಬಂದಿದ್ದರೆ ಮಗ ಬೇಗ ತೋರಿಸಿಕೊಳ್ಳಬೇಕಂತೆ,
ಹೇಳಿದೆ, ಮಿಷಿನ್ನಿನ ಸದ್ದಿನ ಅಡಿಯಲ್ಲಿ.
ಕೇಳಿಸಿತೋ ಇಲ್ಲವೋ.
ಪೇಪರಿನಲ್ಲಿ ಸುತ್ತಿದ ಮಿರ್ಚಿಯನ್ನು
ಅವನು ಡ್ರಾಯರಿನೊಳಗೆ ತಳ್ಳಿದ.

ನಾಲ್ಕು ಗಂಟೆ. ಬಾಬಿನ್ ಮುಗಿಯಿತು.
ಎದ್ದು ಮೆಟ್ಟಿಲಿಳಿಯುತ್ತೇನೆ.
ಹಿಂದೆ ಇನ್ನೊಂದು ಸ್ಟೂಲು
ಕಿರ್ರನೆ ಸರಿಯುತ್ತದೆ.